ಬೆಳ್ಳಗಿರುವುದೆಲ್ಲ ಬೆಳ್ಳಿಯಲ್ಲ



ಶ್ರಾವಣ ಹತ್ತಿರ ಬಂತೆಂದರೆ ನಮ್ಮ ಹೆಂಗಸರ ಕೈ ತಾನಾಗಿಯೇ ಬೀರುವಿನ ಒಳಗಿನ ಖಾನೆಗೆ ಹೋಗುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಚೊಂಬು, ಅಮ್ಮನವರ ಮುಖವಾಡ, ಆರತಿ ತಟ್ಟೆ, ಜೋಡಿ ದೀಪ, ಪಂಚಪಾತ್ರೆ-ಉದ್ಧರಣೆ, ಕುಂಕುಮದ ಭರಣಿ ಎಲ್ಲ ಹೊರಗೆ ಬರಬೇಕು, ಬೆಳಗಬೇಕು. ಹಾಗೆ ಸಾಲಾಗಿ ಜೋಡಿಸಿದಾಗ ಒಂದು ವಿಷಯ ಗಮನಿಸಿದ್ದೀರಾ? ಕೆಲವು ಕಪ್ಪಗಾಗಿರುತ್ತವೆ. ಕೆಲವು ಹಳದಿ ತಿರುಗಿ ಮಂಕಾಗಿರುತ್ತವೆ. ಒಂದೆರಡರ ಮೂಲೆಯಲ್ಲಿ ಹಸಿರು ಕಿಲುಬು ಕೂಡ ಕಾಣುತ್ತದೆ. ಆದರೆ ನಾವು ಎಲ್ಲವನ್ನೂ ಒಟ್ಟಿಗೆ ಸೇರಿಸಿ ಕರೆಯೋದು ಮಾತ್ರ "ಬೆಳ್ಳಿ ಸಾಮಾನು" ಅಂತಲೇ!

ಇದರಿಂದ ಎಂಥ ಪೇಚಾಟ ಆಗುತ್ತದೆ ಅಂತ ನಮ್ಮ ಪಕ್ಕದ ಬೀದಿಯ ಒಬ್ಬಾಕೆಯ ಸಂಗತಿ ಕೇಳಿ. ಆಕೆಯ ಮದುವೆಯಲ್ಲಿ ಬಂಧುಗಳೊಬ್ಬರು ಒಂದು ದೊಡ್ಡ ತಟ್ಟೆ, ಎರಡು ದೀಪದ ಕಂಬ ಕೊಟ್ಟಿದ್ದರು. ಮಗಳ ಮದುವೆಗೆ ಆಗುತ್ತೆ ಅಂತ ಇಪ್ಪತ್ತೆರಡು ವರ್ಷ ಜೋಪಾನ ಮಾಡಿ ಇಟ್ಟರು. ಮೊನ್ನೆ ಅದನ್ನು ಹಾಕಿ ಮಗಳಿಗೆ ಹೊಸ ಕಾಲ್ಚೈನು, ಬಟ್ಟಲು ತರೋಣ ಅಂತ ಚಿನಿವಾರರ ಅಂಗಡಿಗೆ ಹೋದರೆ, ಅವರು ಕೈಗೆ ತೆಗೆದುಕೊಂಡು ನೋಡಿ, "ಇದು ಜರ್ಮನ್ ಸಿಲ್ವರ್ ಅಮ್ಮ, ನಾವು ತಗೊಳ್ಳಲ್ಲ" ಅಂದುಬಿಟ್ಟರು. ಯಾರೂ ಆಕೆಗೆ ಮೋಸ ಮಾಡಿರಲಿಲ್ಲ. ಕೊಟ್ಟವರು "ಜರ್ಮನ್ ಸಿಲ್ವರ್" ಅಂತ ಹೇಳಿಯೇ ಕೊಟ್ಟಿದ್ದರಂತೆ. ವರ್ಷ ಕಳೆದ ಹಾಗೆ ಮಾತಿನಲ್ಲಿ "ಜರ್ಮನ್" ಉದುರಿಹೋಯಿತು, "ಸಿಲ್ವರ್" ಮಾತ್ರ ಉಳಿಯಿತು. ಲೆಕ್ಕ ಹಾಕಿಟ್ಟಿದ್ದ ದುಡ್ಡು ಮಾತ್ರ ಸಿಗಲಿಲ್ಲ.

ಹೆಣ್ಣುಮಕ್ಕಳಿಗೆ ಬೆಳ್ಳಿ ಅಂದರೆ ಬರೀ ಹಬ್ಬದ ಥಳಕು ಅಲ್ಲವಲ್ಲ! ಕಷ್ಟಕಾಲಕ್ಕೆ ಅಡವಿಡಲು, ಮಗುವಿನ ಫೀಸಿಗೆ, ಆಸ್ಪತ್ರೆ ಖರ್ಚಿಗೆ ಅಂತ ನಮ್ಮ ಕೈಯಲ್ಲೇ ಇರುವ ಗಂಟು ಅದು. 2025ರ ಕೊನೆಯ ತಿಂಗಳುಗಳಲ್ಲಿ ಬೆಳ್ಳಿಯ ಧಾರಣೆ ಕಿಲೋಗೆ ಒಂದು ಲಕ್ಷ ರೂಪಾಯಿಗಿಂತ ಬಹಳ ಮೇಲಿತ್ತು. ಅಂದ ಮೇಲೆ ನಮ್ಮ ಗಂಟಿನಲ್ಲಿ ಇರುವುದು ಏನು ಅಂತ ನಮಗೇ ಗೊತ್ತಿರಬೇಡವೇ? ಈ ಸಲ ಆ ವಿಚಾರವನ್ನೇ ಮಾತಾಡೋಣ.

ಹೆಸರಿನಲ್ಲಿ ಮಾತ್ರ ಬೆಳ್ಳಿ

ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿ ಎಷ್ಟಿದೆ ಗೊತ್ತೆ? ಒಂದು ಗುಲಗಂಜಿಯಷ್ಟೂ ಇಲ್ಲ. ಅದು ತಾಮ್ರ, ಸತು ಮತ್ತು ನಿಕ್ಕಲ್ ಎಂಬ ಮೂರು ಲೋಹಗಳ ಬೆರಕೆ. ಸಾಮಾನ್ಯವಾಗಿ ನೂರು ಭಾಗದಲ್ಲಿ 60 ಭಾಗ ತಾಮ್ರ, 20 ಭಾಗ ಸತು, 20 ಭಾಗ ನಿಕ್ಕಲ್. ಬೇರೆ ಬೇರೆ ತಯಾರಕರು ಈ ಪ್ರಮಾಣವನ್ನು ಸ್ವಲ್ಪ ಆಚೀಚೆ ಮಾಡುತ್ತಾರೆ. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ ಎಂಬುದು ನಿಮಗೆ ಗೊತ್ತೇ ಇದೆ. ಆ ಹಿತ್ತಾಳೆಗೆ ನಿಕ್ಕಲ್ ಬೆರೆಸಿದರೆ ಅದರ ಹಳದಿಯೆಲ್ಲ ಅಡಗಿ ಬಿಳಿ ಬಣ್ಣ ಬರುತ್ತದೆ. ಹೀಗಾಗಿ ಜರ್ಮನ್ ಸಿಲ್ವರನ್ನು "ಬಿಳಿ ಹಿತ್ತಾಳೆ" ಅಂದರೂ ತಪ್ಪಾಗದು.

ಇದು ಮೊದಲು ಹುಟ್ಟಿದ್ದು ಜರ್ಮನಿಯಲ್ಲೂ ಅಲ್ಲ. ಚೀನಾದವರು ಬಹಳ ಹಿಂದಿನಿಂದ ಇಂಥ ಲೋಹ ಮಾಡುತ್ತಿದ್ದರು. ಅವರ ಭಾಷೆಯಲ್ಲಿ ಅದಕ್ಕೆ "ಬಿಳಿ ತಾಮ್ರ" ಎಂದೇ ಹೆಸರು. ಹದಿನೆಂಟನೆಯ ಶತಮಾನದಲ್ಲಿ ಅದು ಹಡಗುಗಳಲ್ಲಿ ಯೂರೋಪಿಗೆ ಹೋಯಿತು. ಇತ್ತ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಎಂಬ ವಿಜ್ಞಾನಿ 1751ರಲ್ಲಿ ನಿಕ್ಕಲನ್ನು ಬೇರ್ಪಡಿಸಿ ತೋರಿಸಿದ. ಆ ಹೆಸರಿನ ಕಥೆ ತಮಾಷೆಯಾಗಿದೆ. ಜರ್ಮನಿಯ ಗಣಿ ಕೆಲಸಗಾರರಿಗೆ ತಾಮ್ರದ ಅದಿರಿನಂತೆ ಕಾಣುವ ಒಂದು ಕಲ್ಲು ಸಿಗುತ್ತಿತ್ತು. ಎಷ್ಟು ಕಾಯಿಸಿದರೂ ತಾಮ್ರ ಮಾತ್ರ ಬರುತ್ತಿರಲಿಲ್ಲ. ಇದು ಯಾವುದೋ ಪೀಡೆಯ ಚೇಷ್ಟೆ ಅಂತ ಅವರು ಅದಕ್ಕೆ "ತಾಮ್ರದ ಪಿಶಾಚಿ" ಎಂಬರ್ಥದ ಹೆಸರಿಟ್ಟರು. ಆ ಪಿಶಾಚಿಯ ಹೆಸರೇ ನಿಕ್ಕಲ್! 1823ರಲ್ಲಿ ಜರ್ಮನಿಯಲ್ಲಿ ಚೀನಾದ ಬಿಳಿ ತಾಮ್ರದಂಥ ಲೋಹ ಮಾಡುವುದಕ್ಕೆ ಒಂದು ಸ್ಪರ್ಧೆ ನಡೆಯಿತು. ಬರ್ಲಿನ್ನಿನ ಹೆನ್ನಿಗರ್ ಸೋದರರು ಮತ್ತು ಸ್ಯಾಕ್ಸನಿಯ ಗೈಟ್ನರ್ ಎಂಬ ವೈದ್ಯ ಬೇರೆ ಬೇರೆಯಾಗಿಯೇ ಅದನ್ನು ಸಾಧಿಸಿದರು. ಅಲ್ಲಿಂದ "ಜರ್ಮನ್ ಸಿಲ್ವರ್" ಎಂಬ ಹೆಸರು ಲೋಕಕ್ಕೆಲ್ಲ ಹರಡಿತು.

1840ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಎಂಬವರು ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ಕ್ರಮಕ್ಕೆ ಹಕ್ಕುಪತ್ರ ಪಡೆದರು. ಆಮೇಲೆ ಜರ್ಮನ್ ಸಿಲ್ವರ್ ಒಳಗೆ, ತೆಳ್ಳಗೆ ಬೆಳ್ಳಿ ಮೇಲೆ ಎಂಬ ಚಮಚ, ಟೀ ಸೆಟ್ಟುಗಳು ರಾಶಿ ರಾಶಿ ಬಂದವು. ಹಳೆಯ ಮನೆಗಳಲ್ಲಿ "ಇ.ಪಿ.ಎನ್.ಎಸ್." ಎಂಬ ಇಂಗ್ಲಿಷ್ ಅಕ್ಷರ ಒತ್ತಿದ ಚಮಚಗಳಿದ್ದರೆ ಅವು ಈ ಜಾತಿಯವು. ಅದು ಬೆಳ್ಳಿಯ ಮುದ್ರೆ ಅಂತ ತಿಳಿದುಕೊಳ್ಳಬೇಡಿ.

ಗುಣದಲ್ಲಿ ಏನು ವ್ಯತ್ಯಾಸ?

ಮೊದಲನೆಯದು ತೂಕ. ಒಂದೇ ಗಾತ್ರದ ಎರಡು ಗಟ್ಟಿ ಸಾಮಾನು ಹಿಡಿದರೆ ಬೆಳ್ಳಿಯದು ಹೆಚ್ಚು ಭಾರ. ಒಂದು ಮಿಲಿಲೀಟರ್ ಜಾಗದಲ್ಲಿ ಹಿಡಿಸುವ ಬೆಳ್ಳಿ ಸುಮಾರು ಹತ್ತೂವರೆ ಗ್ರಾಂ ತೂಗುತ್ತದೆ. ಜರ್ಮನ್ ಸಿಲ್ವರ್ ಸುಮಾರು 8.7 ಗ್ರಾಂ ಅಷ್ಟೆ.

ಎರಡನೆಯದು ಗಟ್ಟಿತನ. ಅಪ್ಪಟ ಬೆಳ್ಳಿ ಬಲು ಮೆದು. ಬಿದ್ದರೆ ನೆಗ್ಗುತ್ತದೆ, ಗೀರು ಬೀಳುತ್ತದೆ. ಅದಕ್ಕೇ ಒಡವೆಗೆ, ಚಮಚಕ್ಕೆ ಸ್ವಲ್ಪ ತಾಮ್ರ ಬೆರೆಸಿ ಗಟ್ಟಿ ಮಾಡುತ್ತಾರೆ. ನೂರಕ್ಕೆ 92.5 ಭಾಗ ಬೆಳ್ಳಿ ಇದ್ದರೆ ಅದೇ "ಸ್ಟರ್ಲಿಂಗ್" ಬೆಳ್ಳಿ. ಜರ್ಮನ್ ಸಿಲ್ವರ್ ಇದಕ್ಕಿಂತ ಬಿರುಸು. ದಿನಾ ಉಪಯೋಗಿಸಿದರೂ ಆಕಾರ ಕೆಡದು. ಅದರ ಒಳ್ಳೆಯ ಗುಣ ಇದೇ.

ಮೂರನೆಯದು ಶಾಖ. ಲೋಹಗಳಲ್ಲೆಲ್ಲ ಶಾಖವನ್ನು ಅತಿ ಬೇಗ ಸಾಗಿಸುವುದು ಬೆಳ್ಳಿ. ಜರ್ಮನ್ ಸಿಲ್ವರಿಗಿಂತ ಅಪ್ಪಟ ಬೆಳ್ಳಿ ಹತ್ತು ಪಟ್ಟಿಗೂ ಹೆಚ್ಚು ಚುರುಕು. ಬಿಸಿ ಕಾಫಿಯ ಬೆಳ್ಳಿ ಲೋಟವನ್ನು ಸೆರಗಿಲ್ಲದೆ ಹಿಡಿಯೋಕಾಗಲ್ಲ, ನೋಡಿದ್ದೀರಲ್ಲ?

ನಾಲ್ಕನೆಯದು ಬಣ್ಣ ಕೆಡುವ ರೀತಿ. ಬೆಳ್ಳಿ ಬರೀ ಗಾಳಿಗೆ ಕೆಡುವುದಿಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಕಪ್ಪಾಗುತ್ತದೆ. ಮೊಟ್ಟೆ, ಈರುಳ್ಳಿ, ರಬ್ಬರು, ಉಣ್ಣೆ ಇವುಗಳಲ್ಲೆಲ್ಲ ಗಂಧಕ ಉಂಟು. ಹೀಗಾಗಿ ಬೆಳ್ಳಿ ಕಪ್ಪಾದರೆ "ಕಲಬೆರಕೆ ಕೊಟ್ಟುಬಿಟ್ಟ" ಅಂತ ಅಂಗಡಿಯವನನ್ನು ಬೈಯಬೇಡಿ. ಶುದ್ಧ ಬೆಳ್ಳಿಯೂ ಕಪ್ಪಾಗುತ್ತದೆ. ಜರ್ಮನ್ ಸಿಲ್ವರ್ ಹಳದಿ ತಿರುಗಿ ಮಂಕಾಗುತ್ತದೆ; ತೇವ, ಹುಳಿ ತಾಗಿದ ಕಡೆ ಒಳಗಿನ ತಾಮ್ರದಿಂದ ಹಸಿರು ಕಿಲುಬು ಏಳುತ್ತದೆ. ಹಸಿರು ಕಂಡರೆ ತಾಮ್ರ ಇದೆ ಅಂತಲೇ ಅರ್ಥ. ತಾಮ್ರ ಹೆಚ್ಚು ಬೆರೆತ ಕೀಳು ದರ್ಜೆಯ ಬೆಳ್ಳಿಯೂ ಹೀಗೆ ಹಸಿರಾಗಬಹುದು.

ಮನೆಯಲ್ಲೇ ನೋಡುವುದು ಹೇಗೆ?

ಕೆಲವರು ಅಯಸ್ಕಾಂತ ಹಿಡಿದು, "ಅಂಟಲಿಲ್ಲ, ಅದಕ್ಕೇ ಬೆಳ್ಳಿ" ಅಂತಾರೆ. ಈ ಪರೀಕ್ಷೆ ನಂಬಬೇಡಿ. ಬೆಳ್ಳಿಯೂ ಅಂಟದು, ಜರ್ಮನ್ ಸಿಲ್ವರೂ ಅಂಟದು, ಹಿತ್ತಾಳೆಯೂ ಅಂಟದು. ಬರೀ ನಿಕ್ಕಲ್ ಅಂಟುತ್ತದೆ, ಆದರೆ ತಾಮ್ರ-ಸತುವಿನ ಜೊತೆ ಬೆರೆತ ಮೇಲೆ ಅದರ ಆ ಗುಣ ಹೋಗಿಬಿಡುತ್ತದೆ. ಅಂಟಿದರೆ "ಬೆಳ್ಳಿ ಅಲ್ಲ" ಅನ್ನಬಹುದು. ಅಂಟದಿದ್ದರೆ ಏನೂ ತಿಳಿದಂತಾಗಲಿಲ್ಲ. ಟಣ್ ಅನ್ನುವ ಸದ್ದನ್ನೂ ನೆಚ್ಚಬೇಡಿ. ಜರ್ಮನ್ ಸಿಲ್ವರೂ ಚೆನ್ನಾಗಿಯೇ ನಾದ ಕೊಡುತ್ತದೆ.

ಚಮಚದ ಪರೀಕ್ಷೆ: ಬೆಳ್ಳಿ ಅಂತ ಖಚಿತವಾಗಿ ಗೊತ್ತಿರುವ ಒಂದು ಚಮಚ, ಅನುಮಾನದ ಒಂದು ಚಮಚ ತೆಗೆದುಕೊಳ್ಳಿ. ಎರಡೂ ಹೆಚ್ಚುಕಡಿಮೆ ಒಂದೇ ಉದ್ದ, ಒಂದೇ ದಪ್ಪ ಇರಲಿ. ಎರಡನ್ನೂ ಒಂದೇ ಲೋಟದ ಕುದಿಯುವ ನೀರಿನಲ್ಲಿ ನಿಲ್ಲಿಸಿ, ಹಿಡಿಯ ತುದಿ ಮುಟ್ಟಿ ನೋಡುತ್ತಿರಿ. ಬೆಳ್ಳಿಯ ತುದಿ ನೋಡನೋಡುತ್ತಿದ್ದಂತೆ ಬಿಸಿಯಾಗುತ್ತದೆ. ಜರ್ಮನ್ ಸಿಲ್ವರಿನ ತುದಿ ಬೆಚ್ಚಗಾಗುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಆದರೆ ಒಂದು ಮಾತು: ತಾಮ್ರವೂ ಬೆಳ್ಳಿಯ ಹತ್ತಿರ ಹತ್ತಿರವೇ ಶಾಖ ಸಾಗಿಸುತ್ತದೆ. ತಾಮ್ರದ ಮೇಲೆ ಬೆಳ್ಳಿ ಲೇಪಿಸಿದ್ದರೆ ಈ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ.

ತಕ್ಕಡಿಯ ಪರೀಕ್ಷೆ: ಇದು ಎಲ್ಲಕ್ಕಿಂತ ಮೇಲು. ಅಡಿಗೆಮನೆಯ ಅಂಕಿ ತೋರಿಸುವ ಚಿಕ್ಕ ತಕ್ಕಡಿ ಇದ್ದರೆ ಸಾಕು.

1. ಸಾಮಾನನ್ನು ತೂಗಿ ಬರೆದಿಟ್ಟುಕೊಳ್ಳಿ. ಉದಾಹರಣೆಗೆ 210 ಗ್ರಾಂ ಎನ್ನೋಣ.

2. ತಕ್ಕಡಿಯ ಮೇಲೆ ನೀರು ತುಂಬಿದ ಅಗಲ ಪಾತ್ರೆ ಇಟ್ಟು, ಗುಂಡಿ ಒತ್ತಿ ಅಂಕಿಯನ್ನು ಸೊನ್ನೆಗೆ ತನ್ನಿ. ನೀರು ಅಂಚಿನವರೆಗೆ ತುಂಬಿರಬಾರದು, ಹೊರಚೆಲ್ಲಿದರೆ ಲೆಕ್ಕ ಕೆಡುತ್ತದೆ.

3. ಸಾಮಾನಿಗೆ ತೆಳು ದಾರ ಕಟ್ಟಿ, ಕೈಯಲ್ಲಿ ಹಿಡಿದು ನೀರಿನಲ್ಲಿ ಪೂರ್ತಿ ಮುಳುಗಿಸಿ. ತಳಕ್ಕೂ ಪಕ್ಕಕ್ಕೂ ತಾಗಬಾರದು. ಗಾಳಿಗುಳ್ಳೆ ಅಂಟಿದ್ದರೆ ಅಲ್ಲಾಡಿಸಿ ಬಿಡಿಸಿ.

4. ಈಗ ತೋರುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ.

ಅಂಕಿ 20 ಬಂದರೆ 210ನ್ನು 20ರಿಂದ ಭಾಗಿಸಿದಾಗ ಹತ್ತೂವರೆ. ಅದು ಬೆಳ್ಳಿಯ ಲೆಕ್ಕ. ಅಂಕಿ 24 ಬಂದರೆ ಉತ್ತರ 8.75. ಅದು ಜರ್ಮನ್ ಸಿಲ್ವರೋ, ಹಿತ್ತಾಳೆಯೋ, ತಾಮ್ರವೋ ಇರಬೇಕು, ಬೆಳ್ಳಿಯಂತೂ ಅಲ್ಲ. ಮೇಲೆ ಎಷ್ಟೇ ಚೆನ್ನಾಗಿ ಲೇಪಿಸಿದ್ದರೂ ಈ ಲೆಕ್ಕಕ್ಕೆ ಸಿಕ್ಕೇ ಸಿಗುತ್ತದೆ. ಒಂಬತ್ತನೇ ತರಗತಿಯ ಮಗನೋ ಮಗಳೋ ಮನೆಯಲ್ಲಿದ್ದರೆ ಕೂರಿಸಿಕೊಂಡು ಮಾಡಿ. ಆರ್ಕಿಮಿಡೀಸನ ಪಾಠ ಮತ್ತೆ ಮರೆಯಲ್ಲ!

ಇದಕ್ಕೂ ಮಿತಿಗಳುಂಟು. ಒಳಗೆ ಪೊಳ್ಳಿರುವ, ಅರಗು ತುಂಬಿದ ಸಾಮಾನಿಗೆ, ಮರದ ಹಿಡಿ ಇರುವುದಕ್ಕೆ ಇದು ಸಲ್ಲದು. ಕಾಲುಂಗುರದಂಥ ಪುಟ್ಟ ಒಡವೆಗೆ ಅಡಿಗೆಮನೆಯ ತಕ್ಕಡಿಯ ಸೂಕ್ಷ್ಮ ಸಾಲದು. ನೂರಕ್ಕೆ 80 ಬೆಳ್ಳಿಯೋ 92 ಬೆಳ್ಳಿಯೋ ಎಂಬುದೂ ಇದರಲ್ಲಿ ತಿಳಿಯದು. ಅದಕ್ಕೆ ಚಿನಿವಾರರ ಒರೆಗಲ್ಲು, ದೊಡ್ಡ ಅಂಗಡಿಗಳ ಎಕ್ಸ್-ರೇ ಯಂತ್ರ ಬೇಕು. ಆ ಯಂತ್ರವೂ ಮೇಲ್ಪದರವನ್ನಷ್ಟೇ ಓದುತ್ತದೆ ಎಂಬುದು ನೆನಪಿರಲಿ. ಆಮ್ಲ ಹಾಕಿ ನೋಡುವ ಕೆಲಸ ಮಾತ್ರ ಮನೆಯಲ್ಲಿ ಬೇಡವೇ ಬೇಡ.

ಅಜ್ಜಿಯ ಗಂಟಿನ ರೂಪಾಯಿಗಳು

ಲಕ್ಷ್ಮೀಪೂಜೆಗೆ ಇಡುವ ಹಳೆಯ ರೂಪಾಯಿ ನಾಣ್ಯಗಳ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ರಾಜ-ರಾಣಿಯರ ತಲೆ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಬೆಳ್ಳಿಯಲ್ಲ. ನಾಣ್ಯದ ಮೇಲಿನ ಇಸವಿ ಓದಿ. ವಿಕ್ಟೋರಿಯಾ ರಾಣಿ, ಎಡ್ವರ್ಡ್, ಐದನೇ ಜಾರ್ಜ್ ಕಾಲದ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತಿತ್ತು. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಯುದ್ಧದ ಕಾಲದಲ್ಲಿ ಬೆಳ್ಳಿ ಉಳಿಸಲು 1940ರಿಂದ ಅದನ್ನು ಅರ್ಧಕ್ಕೆ ಇಳಿಸಿದರು. 50 ಭಾಗ ಬೆಳ್ಳಿ, 40 ಭಾಗ ತಾಮ್ರ, 5 ಭಾಗ ನಿಕ್ಕಲ್, 5 ಭಾಗ ಸತು. ಅಂದರೆ ಅರ್ಧ ಬೆಳ್ಳಿ, ಉಳಿದರ್ಧ ಜರ್ಮನ್ ಸಿಲ್ವರಿನ ಸಾಮಗ್ರಿಯೇ! 1947ರ ಇಸವಿಯ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕಲ್. ಅದಕ್ಕೆ ಅಯಸ್ಕಾಂತ ಹಿಡಿದರೆ ಟಕ್ಕನೆ ಅಂಟಿಕೊಳ್ಳುತ್ತದೆ. ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರು ಅಜ್ಜಿಯ ರೂಪಾಯಿ ಹಂಚಿಕೊಳ್ಳುವಾಗ ಬರೀ ಎಣಿಸಿ ಹಂಚಿದರೆ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಆಗುತ್ತದೆ. ಇಸವಿ ನೋಡಿ ಹಂಚಿಕೊಂಡರೆ ಮುಂದೆ ಮಾತು ಬರುವುದಿಲ್ಲ.

ಮಗುವಿಗೆ, ಮೈಗೆ ಎಚ್ಚರ

ಇದು ದುಡ್ಡಿಗಿಂತ ದೊಡ್ಡ ವಿಷಯ, ದಯವಿಟ್ಟು ಗಮನವಿಟ್ಟು ಓದಿ. ನಾಮಕರಣಕ್ಕೆ ಬೆಳ್ಳಿ ಒಳಲೆ, ಬಟ್ಟಲು, ಚಮಚ ಉಡುಗೊರೆ ಕೊಡುವುದು ನಮ್ಮ ಪದ್ಧತಿ. ಬೆಲೆ ಹೆಚ್ಚಿತು ಅಂತ ಅದೇ ಆಕಾರದ ಜರ್ಮನ್ ಸಿಲ್ವರ್ ಒಳಲೆ ತಂದು ಮಗುವಿಗೆ ಹಾಲು, ಔಷಧಿ, ಹಣ್ಣಿನ ರಸ ಕುಡಿಸಬೇಡಿ. ಹುಳಿ ತಾಗಿದರೆ ಅದರಿಂದ ತಾಮ್ರ, ನಿಕ್ಕಲ್, ಸತು ಬಿಡುತ್ತವೆ. ಎಳೆಯ ಹೊಟ್ಟೆಗೆ ಅದು ಬೇಡ. ಅದಕ್ಕಿಂತ ಒಳ್ಳೆಯ ಸ್ಟೀಲಿನ ಪುಟ್ಟ ಬಟ್ಟಲು ಎಷ್ಟೋ ವಾಸಿ. ನಿಜವಾದ ಬೆಳ್ಳಿಯದಾದರೆ ಒಂದೇ ಎಚ್ಚರ: ಚಮಚ ಬಹಳ ಬೇಗ ಕಾಯುತ್ತದೆ, ನಿಮ್ಮ ತುಟಿಗೆ ತಾಗಿಸಿಕೊಂಡು ನೋಡಿ ಆಮೇಲೆ ಮಗುವಿಗೆ ಕೊಡಿ.

ದೊಡ್ಡವರಿಗೂ ಇದೇ ಮಾತು. ಮೊಸರು, ಉಪ್ಪಿನಕಾಯಿ, ಹುಣಿಸೇಹಣ್ಣಿನ ಗೊಜ್ಜು, ನಿಂಬೆಹಣ್ಣಿನ ಚಿತ್ರಾನ್ನ ಇವನ್ನು ಜರ್ಮನ್ ಸಿಲ್ವರಿನ ಪಾತ್ರೆಯಲ್ಲಿ ಹಾಕಿಡಬಾರದು. ದೇವರ ಪಂಚಾಮೃತವೂ ಅಷ್ಟೆ. ಮೊಸರು, ಜೇನು, ಹಣ್ಣು ಎಲ್ಲದರಲ್ಲೂ ಹುಳಿ ಇದೆಯಲ್ಲ! ಅಭಿಷೇಕಕ್ಕೆ, ತೀರ್ಥಕ್ಕೆ ಬೆಳ್ಳಿಯದೋ ಸ್ಟೀಲಿನದೋ ಇಟ್ಟುಕೊಳ್ಳಿ. ಹೂವು, ಅಕ್ಷತೆ, ಅರಿಸಿನ-ಕುಂಕುಮ, ಒಣ ತಾಂಬೂಲ ಇಡುವುದಕ್ಕೆ ಜರ್ಮನ್ ಸಿಲ್ವರ್ ತಟ್ಟೆ ಧಾರಾಳವಾಗಿ ಆಗಬಹುದು.

ಇನ್ನು ಮೈಮೇಲೆ ಹಾಕುವ ಒಡವೆ. ನಿಕ್ಕಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಓಲೆ ಹಾಕಿದ ಕಿವಿ ಕೆಂಪಾಗುವುದು, ನವೆ, ನೀರಾಡುವುದು, ಸರ ತಾಗುವ ಕತ್ತಿನಲ್ಲಿ ಗುಳ್ಳೆ ಏಳುವುದು ಅದರ ಲಕ್ಷಣ. ಬೆವರಿದರೆ ಇನ್ನೂ ಹೆಚ್ಚು. ಒಮ್ಮೆ ಈ ಒಗ್ಗದಿಕೆ ಶುರುವಾದರೆ ಸಾಮಾನ್ಯವಾಗಿ ಜೀವನವಿಡೀ ಉಳಿಯುತ್ತದೆ. ಯೂರೋಪಿನ ದೇಶಗಳು 1994ರಲ್ಲೇ ಮೈಗೆ ತಾಗುವ ಒಡವೆಗಳಿಂದ ಎಷ್ಟು ನಿಕ್ಕಲ್ ಬಿಡಬಹುದು ಎಂಬುದಕ್ಕೆ ಮಿತಿ ಹಾಕಿದವು. ಆದ್ದರಿಂದ ಮಗಳಿಗೆ ಹೊಸದಾಗಿ ಕಿವಿ ಚುಚ್ಚಿಸಿದಾಗ ಜರ್ಮನ್ ಸಿಲ್ವರ್ ಓಲೆ ಬೇಡ. ಕೂಸಿನ ಉಡಿದಾರ, ಕಾಲ್ಗಡಗಕ್ಕೂ ಬೇಡ. ನಿಮಗೆ ನವೆ ಬರುತ್ತಿದ್ದರೆ ಆ ಒಡವೆ ತೆಗೆದಿಟ್ಟು, ಗುಣವಾಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಕೊಳ್ಳುವಾಗ

ಜರ್ಮನ್ ಸಿಲ್ವರ್ ಕೊಳ್ಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಸೀಮಂತಕ್ಕೆ, ಗೃಹಪ್ರವೇಶಕ್ಕೆ ಬಂದ ಮುತ್ತೈದೆಯರಿಗೆ ಐವತ್ತು ತಟ್ಟೆ ಹಂಚಬೇಕಾದರೆ ಬೆಳ್ಳಿ ಯಾರಿಂದಾದೀತು? ಅಂದವೂ ಉಂಟು, ಗಟ್ಟಿಯೂ ಹೌದು. ಆದರೆ ಅದನ್ನು ಅದರದೇ ಹೆಸರಿನಲ್ಲಿ, ಅದರದೇ ಬೆಲೆಗೆ ಕೊಳ್ಳಿ. ಕೊಡುವಾಗಲೂ ಹೆಸರು ಹೇಳಿ ಕೊಡಿ. "ಬೆಳ್ಳಿ ಲೇಪನ", "ಸಿಲ್ವರ್ ಕೋಟೆಡ್", "ವೈಟ್ ಮೆಟಲ್" ಎಂಬ ಮಾತು ಬಂದರೆ ಅದು ಬೆಳ್ಳಿ ಸಾಮಾನಲ್ಲ ಎಂದು ತಿಳಿಯಿರಿ.

ಬೆಳ್ಳಿಯೇ ಬೇಕಾದರೆ ಹಾಲ್‌ಮಾರ್ಕ್ ಕೇಳಿ. ಬಿಐಎಸ್ ಸಂಸ್ಥೆ ಬೆಳ್ಳಿಗೆ ಹಾಲ್‌ಮಾರ್ಕ್ ಶುರು ಮಾಡಿದ್ದು 2005ರಲ್ಲಿ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಆರು ಅಕ್ಷರ-ಅಂಕಿಗಳ ಪ್ರತ್ಯೇಕ ಗುರುತು ಬಂತು. ಚಿನ್ನದಂತೆ ಕಡ್ಡಾಯ ಮಾಡದೆ, ಅಂಗಡಿಯವರ ಇಚ್ಛೆಗೆ ಬಿಟ್ಟು ಅದನ್ನು ಆಗ ಆರಂಭಿಸಿದರು. ಒಡವೆಯ ಮೇಲೆ ಬಿಐಎಸ್ ಚಿಹ್ನೆ, "ಸಿಲ್ವರ್" ಎಂಬ ಪದ, ಶುದ್ಧತೆಯ ಅಂಕಿ, ಈ ಗುರುತು ನಾಲ್ಕೂ ಇವೆಯೇ ನೋಡಿ. ಅಂಕಿ 925 ಎಂದರೆ ಸಾವಿರದಲ್ಲಿ 925 ಪಾಲು ಬೆಳ್ಳಿ. 800 ಎಂದರೆ ಸಾವಿರದಲ್ಲಿ 800. ಮಕ್ಕಳ ಕೈಲಿ ಮೊಬೈಲಿನ "ಬಿಐಎಸ್ ಕೇರ್" ಆ್ಯಪಿನಲ್ಲಿ ಗುರುತನ್ನು ಹಾಕಿಸಿ ತಾಳೆ ನೋಡಿ. ಬರೀ 925 ಅಂತ ಒತ್ತಿದ್ದರೆ ಅಷ್ಟಕ್ಕೇ ನಂಬಬೇಡಿ. ಅಂಕಿ ಯಾರು ಬೇಕಾದರೂ ಒತ್ತಬಹುದು. ರಶೀದಿಯಲ್ಲಿ ತೂಕ, ಶುದ್ಧತೆ, ಮಜೂರಿ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ರಶೀದಿ ಒಡವೆಯ ಜೊತೆಗೇ ಇರಲಿ.

ಬೆಳಗುವ ಬಗೆ

ಬೆಳ್ಳಿಗೆ: ವಿಭೂತಿಯಲ್ಲಿ ಮೆತ್ತಗೆ ಉಜ್ಜುವುದು ನಮ್ಮ ಹಿರಿಯರ ಕ್ರಮ. ನುಣ್ಣಗಿರುವುದರಿಂದ ಒಳ್ಳೆಯದೇ. ಆದರೆ ಒರಟು ಹಲ್ಲುಪುಡಿ, ಪಾತ್ರೆ ಪುಡಿ ಹಾಕಿದರೆ ಪ್ರತಿ ಸಲ ಒಂದಿಷ್ಟು ಬೆಳ್ಳಿಯೂ ಸವೆದು ನಕಾಶೆ ಮಾಸುತ್ತದೆ. ಬಹಳ ಕಪ್ಪಾಗಿದ್ದರೆ ಹೀಗೆ ಮಾಡಿ: ಅಗಲ ಸ್ಟೀಲ್ ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಒಂದು ಲೀಟರ್ ಕುದಿಯುವ ನೀರು, ಒಂದು ದೊಡ್ಡ ಚಮಚ ಅಡಿಗೆ ಸೋಡ ಹಾಕಿ. ಬೆಳ್ಳಿ ಸಾಮಾನು ಹಾಳೆಗೆ ತಾಗುವಂತೆ ಇಡಿ. ಐದು-ಹತ್ತು ನಿಮಿಷದಲ್ಲಿ ಕಪ್ಪು ಬಿಡುತ್ತದೆ. ಬೆಳ್ಳಿಗೆ ಅಂಟಿದ್ದ ಗಂಧಕ ಅಲ್ಯೂಮಿನಿಯಂ ಕಡೆಗೆ ಹೋಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ತೊಳೆದು ಹತ್ತಿ ಬಟ್ಟೆಯಲ್ಲಿ ಒರೆಸಿ. ಮುತ್ತು, ಕೆಂಪು ಕೂರಿಸಿದ ಒಡವೆಗೆ, ಅರಗು ತುಂಬಿದ್ದಕ್ಕೆ, ಬೇಕೆಂದೇ ಕಪ್ಪು ಬಿಟ್ಟ ಕುಸುರಿ ಕೆಲಸಕ್ಕೆ ಇದು ಬೇಡ.

ಜರ್ಮನ್ ಸಿಲ್ವರಿಗೆ: ಉಗುರುಬೆಚ್ಚಗಿನ ನೀರಿನಲ್ಲಿ ಅಂಟುವಾಳದ ಪುಡಿ ಅಥವಾ ಸೋಪು ಹಾಕಿ ಮೆತ್ತನೆ ಬಟ್ಟೆಯಲ್ಲಿ ತೊಳೆದು, ಒಡನೆಯೇ ಒಣಗಿಸಿ. ಹುಣಿಸೇಹಣ್ಣಿನಲ್ಲಿ ನೆನೆಹಾಕಬೇಡಿ. ಮೇಲೆ ಬೆಳ್ಳಿ ಲೇಪ ಇದ್ದರೆ ಗಟ್ಟಿಯಾಗಿ ಉಜ್ಜಲೂಬೇಡಿ, ಲೇಪ ಹೋಗಿ ಒಳಗಿನ ಬಣ್ಣ ಹೊರಬೀಳುತ್ತದೆ.

ಎತ್ತಿಡುವಾಗ ಒಂದೊಂದನ್ನೂ ಬೇರೆ ಬೇರೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಡಿ. ಬೆಳ್ಳಿ ಚಮಚಗಳಿಗೆ ರಬ್ಬರ್ ಬ್ಯಾಂಡ್ ಹಾಕಿದಿರೋ, ಅಲ್ಲಲ್ಲೇ ಕಪ್ಪು ಪಟ್ಟೆ ಬೀಳುತ್ತದೆ. ಬೆಳ್ಳಿ ಬಟ್ಟಲಿನಲ್ಲಿ ಉಪ್ಪು ತುಂಬಿಡಬೇಡಿ. ಡಬ್ಬಿಯಲ್ಲಿ ಒಂದೆರಡು ಸೀಮೆಸುಣ್ಣದ ತುಂಡು ಹಾಕಿದರೆ ತೇವ ಹೀರಿಕೊಳ್ಳುತ್ತದೆ.

ಕೊನೆಯದಾಗಿ ಒಂದು ಕೆಲಸ. ಈ ಹಬ್ಬಕ್ಕೆ ಸಾಮಾನು ಹೊರಗೆ ತೆಗೆದಾಗ ಒಂದು ನೋಟ್‌ಬುಕ್ ತೆಗೆದುಕೊಂಡು ಪಟ್ಟಿ ಬರೆಯಿರಿ: ಸಾಮಾನಿನ ಹೆಸರು, ತೂಕ, ಬೆಳ್ಳಿಯೋ ಜರ್ಮನ್ ಸಿಲ್ವರೋ, ಕೊಟ್ಟವರು ಯಾರು, ಯಾವ ವರ್ಷ. ಸೊಸೆಗೂ ಮಗಳಿಗೂ ತೋರಿಸಿ ಇಡಿ. ಹಬ್ಬದ ಹಿಂದಿನ ದಿನ ಒಂದು ಗಂಟೆ ಹಿಡಿಯುವ ಕೆಲಸ ಅಷ್ಟೆ. ನಾಳೆ ಅವರು ಅಂಗಡಿಯ ಮೆಟ್ಟಿಲು ಹತ್ತಿದಾಗ ತಲೆ ತಗ್ಗಿಸಿ ಇಳಿಯುವ ಹಾಗಾಗುವುದಿಲ್ಲ.

ಮುಂದಿನ ಸಂಚಿಕೆಯಲ್ಲಿ ತಾಮ್ರ-ಹಿತ್ತಾಳೆ ಪಾತ್ರೆಗಳ ಕಲಾಯಿ ವಿಚಾರ ನೋಡೋಣ, ಆಗಬಹುದೇ?